ಕಿಟಕಿಯಲ್ಲಿ ಉಳಿದ ಮೇಕೆ

ಹನ್ನೊಂದು ನಿಮಿಷದ ಚಿತ್ರವಂತೆ.
ನಾನು ನೋಡಿದ್ದು ಏಳು.
ಆ ಚಳಿಗಾಲಗಳಲ್ಲಿ ತ್ಬಿಲಿಸಿಗೆ
ಅಷ್ಟೇ ಕರೆಂಟು.
ಸಬುರ್ತಾಲೋದ ಒಂಬತ್ತಂತಸ್ತಿನ ಕಟ್ಟಡ
ಒಂದೇ ಬಾಯಲ್ಲಿ 'ವಾಯ್ ಮೇ' ಅನ್ನುತ್ತಿತ್ತು,
ಆಮೇಲೆ ಸೀಮೆಎಣ್ಣೆ ಒಲೆಯದೊಂದೇ ಮಾತು.

ಕಥೆ ಇಷ್ಟು:
ಮೇಕೆಯೊಂದು ಚಂದ್ರನ ಅಂಗಿಯ ಗುಂಡಿ ನುಂಗಿಬಿಡುತ್ತದೆ.
ಎದೆ ತೆರೆದ ಚಂದ್ರನಿಗೆ ನೆಗಡಿ,
ಸೀನಿದಾಗೆಲ್ಲ ಊರ ಮೇಲೆ ಹಿಮ.
ನಾಚಿದ ಮೇಕೆ ಗುಂಡಿ ಉಗುಳಿ, ಬಾಯಲ್ಲಿ ಕಚ್ಚಿ,
ಬೆಟ್ಟ ಹತ್ತಿ, ಬೆಟ್ಟದ ಮೇಲಿನ ಏಣಿ ಹತ್ತಿ,
ಕೊನೆಯ ಮೆಟ್ಟಿಲಿಗೆ ಕಾಲೆತ್ತುತ್ತದೆ,

ಕತ್ತಲು.

ಎತ್ತಿದ ಆ ಕಾಲು
ಮೂವತ್ತು ವರ್ಷ ಗಾಳಿಯಲ್ಲೇ ಇತ್ತು.

ಮೂರನೇ ಅಂತಸ್ತಿನ ತ್ಸಿಸಾನಾ ಹೇಳಿದಳು: ಬಿದ್ದು ಸತ್ತಿತು.
ಐದನೆಯ ಗೇಲಾ: ಚಂದ್ರನೇ ಮೇಕೆಯನ್ನು ತಿಂದ.
ನನ್ನಣ್ಣ ಬೇಸೋ, ಬೆಳಗಿನಿಂದ ಬ್ರೆಡ್ಡಿನ ಸಾಲಲ್ಲಿ ನಿಂತು
ಬರಿಗೈಲಿ ಬಂದವನು:
ಗುಂಡಿ ಮಾರಿ ಬ್ರೆಡ್ಡು ಕೊಂಡಿತು, ಮಲಗು.
(ಅವನೀಗ ರುಸ್ತಾವಿಯಲ್ಲಿ ಬೇಕರಿ ಇಟ್ಟಿದ್ದಾನೆ.
ಮೇಕೆಯ ಮಾತೆತ್ತಿದರೆ, ಯಾವ ಮೇಕೆ? ಅನ್ನುತ್ತಾನೆ.)

ಹೆಸರು ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ?
ಒಣಸೇತುವೆಯ ಸಂತೆಗೆ ಹೋದೆ, ಶನಿವಾರ ಶನಿವಾರ.
ಪದಕಗಳು, ಸಮೋವಾರಿನ ಮುಚ್ಚಳ, ಸತ್ತವರ ಚಮಚ,
ತುಕ್ಕು ಹಿಡಿದ ರೀಲು ಡಬ್ಬಿಗಳು.
ಮುಚ್ಚಳ ತೆಗೆದು ಮೂಸುವುದನ್ನು ಕಲಿತೆ,
ಹುಳಿ ಬಂದ ಫಿಲ್ಮು ಉಪ್ಪಿನಕಾಯಿಯ ಭರಣಿಯಂತೆ ನಾರುತ್ತದೆ.
'ಮದುವೆ ಇದೆ, ಪೆರೇಡು ಇದೆ,
ಹಲ್ಲುಜ್ಜುವ ವಿಧಾನ ಇದೆ, ಬಣ್ಣದ್ದು.
ಮೇಕೆ ಇಲ್ಲ,' ಅಂದ ಮುದುಕ.
ಭಂಡಾರದ ಗುಮಾಸ್ತೆ ಅಂದಳು: ಸುಟ್ಟುಹೋಯಿತು.
ಅವಳ ಮೇಲಿನವನು ಅಂದ: ಮಾಸ್ಕೋದಲ್ಲಿದೆ.
ಎರಡಕ್ಕೂ ಒಂದೇ ರಸೀದಿ.

ಬತುಮಿಯಲ್ಲೊಬ್ಬ ಹಲ್ಲಿನ ಡಾಕ್ಟರಿಗೆ
ಮೇಕೆಯ ಹಾಡಿನ ಮೊದಲ ಸಾಲು ನೆನಪಿತ್ತು,
ನನಗೆ ಎರಡನೆಯದು.
ಫೋನಿನಲ್ಲಿ ಸೇರಿಸಿ ಹಾಡಿದೆವು.
ಅತ್ತ ಯಾರೋ ಬಾಯಿ ತೆರೆದುಕೊಂಡು ಕಾಯುತ್ತಿದ್ದರು.

ಕಡೆಗೆ ಯಾವುದೋ ಡಬ್ಬಿಯ ತಳದಲ್ಲಿ ಗೇಣುದ್ದದ ತುಂಡು,
ಅಕ್ಷರಗಳು ಮಾತ್ರ:
ಬಣ್ಣ – ಲಮಾರಾ ಖುರ್ತ್ಸಿದ್ಜೆ.

ಚುಘುರೇತಿಯ ಓಣಿ, ವಾಲಿದ ಮರದ ಬಾಲ್ಕನಿ,
ಎಂಬತ್ತಮೂರರ ಹೆಂಗಸು, ತೋಳಲ್ಲಿ ಒಣಗಿದ ಹಿಟ್ಟು.
'ಮೇಕೆಯೇ?
ಶೂ ಬಿಚ್ಚಬೇಡ, ಬಾ. ಅಡುಗೆಮನೆಯಲ್ಲಿದೆ.'

ಸ್ಟುಡಿಯೋ ಮುಚ್ಚಿದ ತಿಂಗಳು ಸಂಬಳಕ್ಕೆ ಬದಲು
ಕೈಗೆ ಸಿಕ್ಕಿದ್ದು ಎರಡು ಕಟ್ಟು ಸೆಲ್ಯುಲಾಯ್ಡ್ ಹಾಳೆ.
ಆ ಜನವರಿಯ ಗುಂಡಿನ ಸದ್ದಿಗೆ ಕಿಟಕಿ ಒಡೆದಿತ್ತು,
ಊರಲ್ಲಿ ಗಾಜೇ ಇರಲಿಲ್ಲ.
ಐದರ ಮೇಲೆ ಐದು ಹಾಳೆ ಜೋಡಿಸಿ
ಚೌಕಟ್ಟಿಗೆ ಮೊಳೆ ಹೊಡೆದಳು.

'ಕೊನೆಯ ನಾಲ್ಕು ನಿಮಿಷವನ್ನೇ ಹೊಡೆಯಬೇಕಿತ್ತೇ?'
'ಗಾಳಿ ಏನು ಕಥೆ ಕೇಳೋಕೆ ಬರುತ್ತಾ ಮಗೂ?'

ಪಡುವಣ ಬೆಳಕು ಬಂತು.
ಮೇಕೆಗೆ ಇಪ್ಪತ್ತು ಕಾಲು, ಒಂದರ ಹಿಂದೊಂದು ಮಸುಕಾಗಿ.
ಕೆಂಪು ಗುಂಡಿ ಅದರ ಬಾಯಲ್ಲಿದೆ,
ಗಾಳಿಯಲ್ಲಿದೆ,
ಚಂದ್ರನ ಬೆರಳ ಹತ್ತಿರವಿದೆ.
ಅಂಗಿಯ ಮೇಲೂ ಇರಬಹುದು:
ಚಂದ್ರನ ಎದೆ ಒಗ್ಗರಣೆಯ ಹೊಗೆಗೆ ಕಪ್ಪಿಟ್ಟು ಉದುರಿದೆ.

'ಕೊಟ್ಟಿತೇ, ಕೊಡಲಿಲ್ಲವೇ?'
ಲಮಾರಾ ಕನ್ನಡಕ ಏರಿಸಿದಳು.
'ನನಗೆ ಬಂದ ಚೀಟಿಯಲ್ಲಿ ನಂಬರು ಮಾತ್ರ ಇರ್ತಿತ್ತು.
ಗೊರಸು ಒಂಬತ್ತು, ಗುಂಡಿ ಹದಿನಾಲ್ಕು.
ಗೆರೆ ದಾಟದಂತೆ ತುಂಬಿದೆ. ಅಷ್ಟೇ ನನ್ನ ಕೆಲಸ.'

ಹದಿನಾಲ್ಕನೇ ನಂಬರಿನ ಕೆಂಪು ಮೇಜಿನ ಮೇಲೆ ಬಿದ್ದು
ಅವಳು ಕೊಯ್ಯುತ್ತಿದ್ದ ಬ್ರೆಡ್ಡಿನ ತುದಿಗೆ ಬಂತು.
ಬಾಯಿ ಬಿಟ್ಟು ಕೇಳಿಯೇಬಿಟ್ಟೆ:
ಹೊಸ ಗಾಜು ನಾನೇ ಹಾಕಿಸುತ್ತೇನೆ,
ಹಾಳೆಗಳನ್ನು ಕೊಡುತ್ತೀರಾ?

ಕಿಟಕಿಯ ಸಂದಿಗೆ ಅಂಗೈ ಹಿಡಿದು ನೋಡಿದಳು.
'ಮಾರ್ಚ್ ಕಳೀಲಿ. ಈಗ ತೆಗೆದರೆ ಶೀತ.'